ಜಡ್ಡುಗಟ್ಟಿದ ದನಿ

ಇಪ್ಪತ್ತಾರು ವರ್ಷ ಕರಜಗಿಯ ಶಾಲೆಯಲ್ಲಿ ಒದರಿದ ಗಂಟಲು ನನ್ನದು. ಒಂದೇ ಕೋಣೆಯಲ್ಲಿ ಮೂರು ತರಗತಿ, ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಹಾಡಿನ ಗದ್ದಲ. ಅದಕ್ಕಿಂತ ಜೋರಾಗಿ ಮಗ್ಗಿ ಹೇಳಿಸಬೇಕು. ದೀಪಾವಳಿ ಕಳೆದ ಮೇಲೆ ದನಿ ಒಡೆಯಿತು. ಮೆಣಸು, ಜೇನು, ಅರಿಶಿನದ ಹಾಲು ಎಂದು ಊರೆಲ್ಲ ಔಷಧ ಹೇಳಿತು. ಎಲ್ಲ ನುಂಗಿ ನುಂಗಿ ಸಾಕೋಸಾಕಾಗಿತ್ತು.

ಕಲಬುರಗಿಯ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಗಂಟಲಲ್ಲಿ ತಂತಿಗಳಿರುತ್ತವೆ ಅಂದುಕೊಂಡಿದ್ದೆ, ಕಂಡದ್ದು ಎರಡು ಬಿಳಿ ಪೊರೆಯ ಮಡಿಕೆಗಳು. ಉಸಿರೆಳೆದಾಗ ದೂರ ಸರಿಯುತ್ತಿದ್ದವು, 'ಈ' ಎಂದಾಗ ಕೂಡುತ್ತಿದ್ದವು. ಎದೆಯ ಗಾಳಿ ನಡುವೆ ನುಗ್ಗಿದಾಗ ಅವು ಸೆಕೆಂಡಿಗೆ ಇನ್ನೂರು ಸಲ ಅದುರುತ್ತವಂತೆ. ಹಾಗೆ ಅದುರುವುದೇ ದನಿ. ಬಾಯಿ, ನಾಲಿಗೆ ಅದನ್ನು ಮಾತು ಮಾಡುತ್ತವೆ. ನನ್ನವು ಬಡಿದು ಬಡಿದು, ಕಳೆ ತೆಗೆಯುವ ಕುರುಪಿ ಹಿಡಿದ ಅಂಗೈಯಂತೆ ಜಡ್ಡುಗಟ್ಟಿದ್ದವು. ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಸೋರುತ್ತಿತ್ತು. ಹದಿನೈದು ದಿನ ಮಾತು ಬಂದ್, ಪಿಸುಮಾತೂ ಕೂಡದು, ಆಗಲೂ ಜಡ್ಡು ಇಳಿಯದಿದ್ದರೆ ಆಪರೇಷನ್ ಎಂದರು.

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಆದರೆ ಮನೆಯಲ್ಲಿ ಅತ್ತೆ ಇದ್ದರು. ಅವರ ಕಣ್ಣು ಹೋಗಿ ಹತ್ತು ವರ್ಷ. ಬೆಳಗ್ಗೆ ಅವರ ಲಿಂಗಪೂಜೆ ಮುಗಿದ ಮೇಲೆ ನಾನೊಂದು ವಚನ ಓದಬೇಕು, ಆಮೇಲೆಯೇ ಅವರು ರೊಟ್ಟಿ ಮುರಿಯುವುದು. ಡಾಕ್ಟರ ಮಾತನ್ನು ನನ್ನ ಗಂಡ ಎರಡೆರಡು ಸಲ ವಿವರಿಸಿದರು. ಅತ್ತೆ ನಂಬಲಿಲ್ಲ. ನಮ್ಮ ಮನೆಗಳಲ್ಲಿ ಸೊಸೆ ಮಾತು ಬಿಟ್ಟಳೆಂದರೆ ಸಿಟ್ಟಾದಳೆಂದೇ ಲೆಕ್ಕ. ಮಗ ನಡುವೆ ನಿಂತು ಮುಚ್ಚಿಡುತ್ತಿದ್ದಾನೆ ಎಂದುಕೊಂಡರು. ವಚನವನ್ನು ನನ್ನ ಗಂಡನೇ ಓದಿದರೂ ಅತ್ತೆಯ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು. ನಾನು ಬೆನ್ನು ಸವರಿದರೆ ಆ ಬೆನ್ನು ಬಿಗಿಯಾಗುತ್ತಿತ್ತು. ಈ ಮುದುಕಿಗೆ ಹದಿನೈದು ದಿನ ತಡೆಯಲಾಗದೇ ಎಂದು ನನಗೂ ಸಿಟ್ಟು ಬಂತು, ಸುಳ್ಳು ಹೇಳಲಾರೆ.

ಹನ್ನೊಂದನೆಯ ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅತ್ತೆ ಸೀರೆಯ ಚೀಲ ಹಿಡಿದು, ಗೋಡೆ ತಡವುತ್ತ ಹೊಸ್ತಿಲಿಗೆ ಬಂದರು. ಚೌಡಾಪುರದ ಮಗಳ ಮನೆಗೆ ಹೊರಟಿದ್ದರು.

"ನಿನಗ ನಾ ಬ್ಯಾಡಾಗಿದ್ರ ಹೋಗ್ತೇನಿ ಬೇ. ಒಂದ್ ಸಲ ಬಾಯಿಬಿಟ್ಟು ಹೇಳು."

ಹನ್ನೊಂದು ದಿನ ಕಾದಿಟ್ಟದ್ದೆಲ್ಲ ಮಣ್ಣುಪಾಲಾಗಲಿ ಎಂದುಕೊಂಡೆ. ಹೋಗಬ್ಯಾಡ್ರಿ ಎಂದೆ. ಹೊರಬಿದ್ದದ್ದು ಗಂಡಸಿನದೋ ಹೆಂಗಸಿನದೋ ತಿಳಿಯದ ಒಡಕು ದನಿ.

ಅತ್ತೆ ಬೆಚ್ಚಿ ಹಿಂದೆ ಸರಿದರು. "ಯಾರವ್ವಾ ನೀ? ನಮ್ಮ ಸೊಸಿ ಎಲ್ಲಿ?"

ಅವರ ಕೈ ಹಿಡಿದು ನನ್ನ ಗಂಟಲ ಮೇಲಿಟ್ಟು, "ನಾನ ರೀ, ಅತ್ತಿ," ಎಂದೆ. ಅದುರುವುದು ಬೆರಳಿಗೆ ತಾಗಿರಬೇಕು. ಅದೇ ಕೈ ಮೇಲೇರಿ ನನ್ನ ಬಾಯಿ ಮುಚ್ಚಿತು.

ಆಪರೇಷನ್ ತಪ್ಪಲಿಲ್ಲ. ಅಲ್ಲಿಯವರೆಗೂ ಬೆಳಗಿನ ವಚನ ಅತ್ತೆಯೇ ಹೇಳಿದರು, ನಾನು ಕದ್ದು ದನಿಗೂಡಿಸದಂತೆ ಒಂದು ಕೈಯನ್ನು ನನ್ನ ಗಂಟಲ ಮೇಲಿಟ್ಟುಕೊಂಡು.