ವರ ಪರೀಕ್ಷೆಗೆ ಒಂದು ರೆಕಾರ್ಡು

ಹೆಣ್ಣು ನೋಡಲು ಬಂದವರು “ಒಂದ ಹಾಡ ಹೇಳವಾ” ಎಂದು ಕೇಳುವುದು ನಿಮಗೆ ಗೊತ್ತು. ಗಂಡಿಗೂ ಇಂಥ ಪರೀಕ್ಷೆ ಆದದ್ದನ್ನು ಎಲ್ಲಾದರೂ ಕಂಡಿದ್ದೀರಾ? ಕಳೆದ ರವಿವಾರ ಗೋಕಾಕದ ನಮ್ಮ ಮನೆಯಲ್ಲಿ ಆಯಿತು. ಗಂಡು ಮಾತ್ರ ಹಾಜರಿರಲಿಲ್ಲ.

ಗಂಡು ಹುಕ್ಕೇರಿಯ ನನ್ನ ಅಕ್ಕನ ಮಗ ಬಸವರಾಜ. ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ಬಾರಿಸುತ್ತಾನೆ. (ಚೆಲ್ಲೋ ಪಿಟೀಲಿನ ಜಾತಿಯದೇ, ಆದರೆ ಭಾರಿ ದೊಡ್ಡದು. ಕುರ್ಚಿಯ ಮೇಲೆ ಕೂತು, ಮೊಣಕಾಲ ನಡುವೆ ಹಿಡಿದು ಕಮಾನು ಎಳೆಯಬೇಕು. ನನಗೂ ಇಷ್ಟೇ ಗೊತ್ತು.) ಹೆಣ್ಣು ಮಸಗುಪ್ಪಿಯ ನನ್ನ ಗೆಳೆಯ ಶಿವಪ್ಪನ ಮಗಳು ಕಸ್ತೂರಿ. ಸಂಬಂಧ ಕುದುರಿಸುವ ಹಮಾಲಿ ನನ್ನದು.

ಚೆಲ್ಲೋ ಹಿಡಿದು ಕೂತ ಹುಡುಗನ ಫೋಟೋ ನೋಡಿಯೇ ಶಿವಪ್ಪ ಗೊಂದಲಕ್ಕೆ ಬಿದ್ದಿದ್ದ.

“ಹುಡುಗ ಹಾಡತಾನೇನ್ರಿ ಮಾಸ್ತರ್ರ?”

“ಇಲ್ಲ.”

“ಸಿನಿಮಾದಾಗ ಕಾಣತಾನೇನು?”

“ಅದೂ ಇಲ್ಲ.”

“ಮತ್ತ ಪಗಾರ ಯಾತಕ್ಕ ಕೊಡತಾರ್ರಿ?”

ಈ ಪ್ರಶ್ನೆಗೆ ಉತ್ತರವೆಂದು ಬಸವರಾಜ ತನ್ನ ರೆಕಾರ್ಡನ್ನೇ ಕಳಿಸಿದ. ದೊಡ್ಡ ಎಲ್.ಪಿ. ಸಿನಿಮಾ ಹಾಡುಗಳ ಧಾಟಿ, ಹಿಂದೆ ಇಡೀ ಆರ್ಕೆಸ್ಟ್ರಾ, ಹಾಡುವವರ ಜಾಗದಲ್ಲಿ ಇವನ ಚೆಲ್ಲೋ. ನಾನು ಬಾಜೂ ಮನೆಯಿಂದ ಎಲೆಕ್ಟ್ರಿಕ್ ಪ್ಲೇಯರ್ ಎರವಲು ತಂದೆ.

ಶಿವಪ್ಪ, ಅವನ ಹೆಂಡತಿ ಗಂಗವ್ವ, ಕಸ್ತೂರಿ ಮೂವರೂ ಬಂದರು. (ವರ ಪರೀಕ್ಷೆಗೆ ಹುಡುಗಿ ಬರುವುದುಂಟೇ? ಅವಳು ಬಂದದ್ದು ಬಳೆ ಇಡಿಸಿಕೊಳ್ಳಲು ಎಂದು ಹೇಳಿಕೆ.) ಕಸ್ತೂರಿ ಅಡುಗೆಮನೆಯ ಬಾಗಿಲ ಹಿಂದೆ ಕೂತಳು.

ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಏನು ಹೇಳಲಿ? ಕೀರಲು ದನಿಯೊಂದು ಬೆನ್ನು ಹತ್ತಿದ ನಾಯಿಗೆ ಹೆದರಿದಂತೆ ಓಡತೊಡಗಿತು.

“ಭಾಳ ಗಡಿಬಿಡಿ ಮನಷಾ ಕಾಣತಾನ್ರಿ,” ಎಂದ ಶಿವಪ್ಪ. “ಸಂಸಾರಕ್ಕ ಇಷ್ಟ ಅವಸರ ಆಗಂಗಿಲ್ಲ.”

ಅವಲಕ್ಕಿ ತಂದ ನನ್ನ ಹೆಂಡತಿ, “ಅಲ್ಲೊಂದ ಕಡ್ಡಿ ಐತಲ್ಲ, ಅದನ್ನರ ಸರಿಸಿ ನೋಡ್ರಿ,” ಎಂದಳು. ಸ್ಪೀಡು ಬದಲಿಸುವ ಆ ಕಡ್ಡಿ ಹಳೆಯ ರೆಕಾರ್ಡುಗಳ ವೇಗದಲ್ಲೇ ಉಳಿದಿತ್ತು. ಎಲ್.ಪಿ.ಗೆ ಅದರ ಅರ್ಧಕ್ಕಿಂತ ಕಡಿಮೆ ಸ್ಪೀಡು ಸಾಕು.

ಸರಿಸಿದೆ. ಈಗ ಬಂದದ್ದು ಬೇರೆಯೇ ದನಿ. ಆಳವಾದದ್ದು, ಸಾವಕಾಶದ್ದು. ಸುಳ್ಳೇಕೆ ಹೇಳಲಿ, ನಾನು ಅವಲಕ್ಕಿ ತಿನ್ನುವುದನ್ನೇ ಮರೆತೆ.

ಶಿವಪ್ಪನ ಮುಖ ಇನ್ನಷ್ಟು ಇಳಿಯಿತು. “ಇಂವಾ ಯಾಕ ಇಷ್ಟ ಅಳತಾನ್ರಿ? ಮನ್ಯಾಗ ಯಾರರ ತೀರಿಕೊಂಡಾರೇನು?”

“ಮೊದಲಿನಾಂವನ ಚಲೋ ಇದ್ದ,” ಎಂದಳು ಗಂಗವ್ವ.

ಮೊದಲಿನವನೂ ಇವನೇ ಎಂದು ನಾನು ತಿಳಿಹೇಳಿದಷ್ಟೂ ಗೋಜಲು ಹೆಚ್ಚಾಯಿತು. ಕೊನೆಗೆ ನನಗೇ ಅನುಮಾನ. ನಾನು ಎತ್ತಿ ಆಡಿಸಿದ ಬಸು ಇವರಲ್ಲಿ ಯಾರು? ಗಡಿಬಿಡಿಯವನೋ, ಅಳುವವನೋ?

“ಬ್ಯಾಡ ಬಿಡ್ರಿ ಮಾಸ್ತರ್ರ,” ಎಂದು ಶಿವಪ್ಪ ರುಮಾಲು ಎತ್ತಿಕೊಂಡ.

“ಇನ್ನೊಮ್ಮಿ ಹಚ್ಚರಿ ಕಾಕಾ.”

ಕಸ್ತೂರಿ ಹೊಸ್ತಿಲಿಗೆ ಬಂದು ನಿಂತಿದ್ದಳು. ಹಚ್ಚಿದೆ. ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನತ್ತ ನೋಡಿ ಹೇಳಿದಳು.

“ಬಾಯಿ ತಗೀಲಾರದ ಇಷ್ಟೆಲ್ಲಾ ಹೇಳತಾರ. ನಾ ಹೇಳೂದನ್ನ ಕುಂತ ಕೇಳತಾರೇನು? ಅದೊಂದ ಬರದ ಕೇಳ್ರಿ.”

ಶಿವಪ್ಪ ನನ್ನ ಮುಖ ನೋಡಿದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಅವಲಕ್ಕಿಯ ತಾಟು ಎತ್ತಿಕೊಂಡು ಒಳಗೆ ಹೋದಳು.

ಮುಂಬಯಿಗೆ ಕಾರ್ಡು ಬರೆಯಲು ಕೂತು ವಾರವಾಗುತ್ತ ಬಂತು. ಪಗಾರ ಎಷ್ಟು, ಬಾಡಿಗೆ ಮನೆಯೋ ಸ್ವಂತದ್ದೋ, ಇವನ್ನೆಲ್ಲ ಕೇಳಲು ನಮಗೆ ಬರುತ್ತದೆ. ಇದನ್ನು ಹೇಗೆ ಕೇಳುವುದು?

ಓದುಗ ಗಂಡಸರೇ, ಇದೇ ಪ್ರಶ್ನೆ ನಿಮ್ಮ ಹೆಸರಿಗೆ ಬಂದರೆ, ನಿಮ್ಮ ಪರವಾಗಿ ‘ಹೌದು, ಕೇಳುತ್ತಾರೆ’ ಎಂದು ಉತ್ತರ ಬರೆಯಲು ನಿಮ್ಮ ಹೆಂಡತಿ ಒಪ್ಪುತ್ತಾಳೆಯೇ?