ಹರ್ಷಿಣಿ ಕಟ್ಟಿದ ಕಂಪ್ಯೂಟರ್ ಮನೆ

೨೦೦೧ರಲ್ಲಿ ಪರ್ಕಳದ ಸರ್ವೋತ್ತಮ ತನ್ನ ಕಂಪ್ಯೂಟರ್ ತರಗತಿಯ ಮುಂದೆ ‘ಆರು ವಾರಗಳಲ್ಲಿ ವರ್ಚುವಲ್ ರಿಯಾಲಿಟಿ’ ಎಂಬ ಬೋರ್ಡು ತೂಗುಹಾಕಿದ. ಕಾಪುವಿನಲ್ಲಿ ಮೀನು ಮಾರುವ ಸುಂದರಿಯ ಮಗಳು ಹರ್ಷಿಣಿ ಬಂದು ಸೇರಿದಳು. ಐದು ವಾರ ಕಳೆದರೂ ಪರದೆಯ ಮೇಲೆ ಒಂದು ಕೆಂಪು ಪೆಟ್ಟಿಗೆ ತಿರುಗುತ್ತಲೇ ಇತ್ತು.

“ಸರ್, ಒತ್ತಿದರೆ ಬಾಗಿಲು ತೆರೆಯುವ ಹಾಗೆ ಮಾಡುವುದು ಹೇಗೆ?”

“ಅದು ಅಡ್ವಾನ್ಸ್ ಕೋರ್ಸಿನಲ್ಲಿ ಉಂಟು.”

“ಅದು ಯಾವಾಗ ಶುರು?”

“ನನಗೆ ಪುಸ್ತಕ ಬರಲಿ ಮಾರಾಯ್ತಿ!”

ಹರ್ಷಿಣಿ ಪುಸ್ತಕಕ್ಕೆ ಕಾಯಲಿಲ್ಲ. ಮಣಿಪಾಲದ ಸೈಬರ್ ಕೆಫೆಯಲ್ಲಿ ಇಂಟರ್ನೆಟ್ಟಿನ ಪಾಠಗಳನ್ನು ಹಾಳೆಗಟ್ಟಲೆ ಪ್ರಿಂಟ್ ತೆಗೆಸಿ, ಬಸ್ಸಿನಲ್ಲಿ ಓದಿ, ತರಗತಿಯಲ್ಲಿ ಟೈಪ್ ಮಾಡಿದಳು. ಮೊದಲ ಬಾಗಿಲು ತೆರೆದುಕೊಂಡಿತು, ಗೋಡೆಯ ಸಮೇತ. ಆ ತಪ್ಪು ಸರಿಯಾದ ದಿನ ಸರ್ವೋತ್ತಮ ಎಲ್ಲರಿಗೂ ಬಿಸಿಬಿಸಿ ಗೋಳಿಬಜೆ ತರಿಸಿ, “ಇದು ನಮ್ಮ ಸಿಲೆಬಸ್ಸಿನ ಶಕ್ತಿ” ಎಂದ.

ಆ ಶಕ್ತಿಯನ್ನು ನಂಬಿ, ಕಡಿಯಾಳಿಯಲ್ಲಿ ಫ್ಲಾಟು ಕಟ್ಟಿಸಿ ಮಾರಲು ಹೊರಟಿದ್ದ ಎಡ್ಮಂಡ್ ಅದರ ನಕ್ಷೆ ಕೊಟ್ಟರು. ಹರ್ಷಿಣಿ ಅದರ ಅಳತೆಗಳನ್ನೇ ಹಾಕಿ ಕಂಪ್ಯೂಟರಿನಲ್ಲಿ ಇಡೀ ಮನೆ ಕಟ್ಟಿದಳು. ಕೊಳ್ಳುವವರಿಗೆ ಅದನ್ನು ತೋರಿಸುವ ಪ್ರದರ್ಶನದ ದಿನ ಮುಖ್ಯ ಅತಿಥಿಗಳು ಹೆಲ್ಮೆಟ್ಟಿನಂಥ ಯಂತ್ರ ಧರಿಸಿ, “ಅಬ್ಬಾ! ಸಾಕ್ಷಾತ್ ಮನೆಯೇ!” ಎಂದರು. ಸಭೆ ಚಪ್ಪಾಳೆ ತಟ್ಟಿತು. ಕಂಪ್ಯೂಟರಿಗೆ ಸಿಕ್ಕಿಸಬೇಕಿದ್ದ ಯಂತ್ರದ ವಯರು ಇನ್ನೂ ಹರ್ಷಿಣಿಯ ಕೈಯಲ್ಲೇ ಇತ್ತು.

ಬಳಿಕ ಎಡ್ಮಂಡರ ಕಟ್ಟಡದ ಕೆಲಸಕ್ಕೆ ಬಂದಿದ್ದ ಬಾದಾಮಿ ಕಡೆಯ ಮೇಸ್ತ್ರಿ ರೇವಪ್ಪ ಕಂಪ್ಯೂಟರಿನ ಮುಂದೆ ಕೂತ. ಮೌಸು ಹಿಡಿದು ಬಾಗಿಲು ತೆರೆದ, ಮೆಟ್ಟಿಲು ಹತ್ತಿದ. ಅರ್ಧದಲ್ಲಿ ಚಿತ್ರ ನಿಂತುಬಿಟ್ಟಿತು.

“ಹ್ಯಾಂಗ್ ಆಯಿತು!” ಎಂದು ಸರ್ವೋತ್ತಮ ಸ್ವಿಚ್ಚಿನತ್ತ ಓಡಿದ.

“ತಡೀರಿ ಸರ,” ಎಂದ ರೇವಪ್ಪ. “ತಲಿ ಬೀಮಿಗೆ ಬಡಿಯಾಕತ್ತೈತಿ.”

ಹರ್ಷಿಣಿ ನಕ್ಷೆ ಬಿಡಿಸಿ ನೋಡಿದಳು. ನಿಜ, ಆ ಮೆಟ್ಟಿಲಿಗೂ ಬೀಮಿಗೂ ನಡುವೆ ಐದಡಿಯೂ ಇರಲಿಲ್ಲ.

ಎಡ್ಮಂಡ್ ಅವಳನ್ನು ಪಕ್ಕಕ್ಕೆ ಕರೆದರು. “ಕಂಪ್ಯೂಟರಿನಲ್ಲಿ ಸ್ವಲ್ಪ ಎತ್ತರಿಸಿ ಬಿಡು. ಸುಲಭ ಅಲ್ವಾ?”

“ಸುಲಭ. ಮೊದಲು ನೀವು ನಕ್ಷೆಯಲ್ಲಿ ಎತ್ತರಿಸಿ ಕೊಡಿ,” ಎಂದಳು ಹರ್ಷಿಣಿ.

ಅಷ್ಟರಲ್ಲಿ ಫ್ಲಾಟು ಕೊಳ್ಳಲು ಬಂದವರೆಲ್ಲ ತಮ್ಮ ತಮ್ಮ ತಲೆ ಮುಟ್ಟಿ ನೋಡಿಕೊಳ್ಳತೊಡಗಿದ್ದರು. ಎಡ್ಮಂಡ್ ಒಪ್ಪಲೇಬೇಕಾಯಿತು. ನಕ್ಷೆ ಬದಲಾಯಿತು. ಮರುದಿನದ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಫೋಟೋ ಬಂತು.

ಮುಂದಿನ ವರ್ಷ ಕಾರ್ಕಳದ ಕಲ್ಯಾಣಮಂಟಪವೊಂದರ ಕೆಲಸ ಬಂದಾಗ ಹರ್ಷಿಣಿ ಎಂಜಿನಿಯರಿಗಿಂತ ಮೊದಲು ರೇವಪ್ಪನನ್ನು ಕರೆಸಿದಳು. ಅವನು ಪರದೆಯ ಊಟದ ಹಾಲಿನಲ್ಲಿ ಎರಡು ಸುತ್ತು ಹಾಕಿ ಕೇಳಿದ: “ಎಲ್ಲಾ ಚಲೋ ಐತ್ರೀ ಮೇಡಂ. ಉಂಡ ಮ್ಯಾಲೆ ಕೈ ತೊಳಿಯಾಕ ನಳ ಎಲ್ಲೈತ್ರಿ?”