ಕತ್ತೆ ಆಯದ ಕಿಟಕಿ

ಹೊಸದುರ್ಗದ ಮೇಸ್ತ್ರಿ ತಿಮ್ಮರಾಯಪ್ಪ ಮೂವತ್ತು ವರ್ಷ ಕಲ್ಲು ಕಟ್ಟಿದವರು. ಕಟ್ಟಿದ್ದನ್ನು ಒಮ್ಮೆಯೂ ಕೆಡವಿದವರಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

೧೯೭೩ರಲ್ಲಿ ಚಿಕ್ಕಜಾಜೂರಿನ ರೈಲ್ವೆ ನೌಕರರ ಪೈಕಿ ಕ್ರೈಸ್ತರು ಸಣ್ಣದೊಂದು ಚರ್ಚು ಕಟ್ಟಲು ಅವರನ್ನು ಕರೆಸಿದರು. ಪಾದ್ರಿ ಕೊಟ್ಟ ನಕ್ಷೆಯಲ್ಲಿ ಯುರೋಪಿನ ಹಳೆಯ ಚರ್ಚುಗಳಂಥ ಚೂಪು ಕಮಾನಿನ ಕಿಟಕಿಯಿತ್ತು, ಅಗಲ ಐವತ್ತನಾಲ್ಕು ಇಂಚು. ಮೇಸ್ತ್ರಿಗೆ ಗೊತ್ತಿದ್ದದ್ದು ನಡುವೆ ಒಂದು ಗೂಟ ನೆಟ್ಟು ಎಳೆಯುವ ದುಂಡು ಕಮಾನು. ಪಾದ್ರಿ ಎರಡು ಗೂಟ ನೆಟ್ಟರು. ಅವುಗಳ ನಡುವಿನ ಅಂತರದಷ್ಟೇ ಹಗ್ಗ ಹಿಡಿದು ಎರಡೂ ಗೂಟದಿಂದ ಗೆರೆ ಎಳೆದರು. ಗೆರೆಗಳು ಕೂಡಿದಲ್ಲಿ ಚೂಪು ತಾನಾಗಿ ಬಂತು. ಆ ದಿನ ಮೇಸ್ತ್ರಿ ಊಟಕ್ಕೂ ಏಳದೆ ಮಣ್ಣಿನ ಮೇಲೆ ಕಮಾನು ಬರೆಯುತ್ತ ಕುಳಿತರು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬಾಗಿಲು, ಕಿಟಕಿ ಇಡುವ ಮೊದಲು ಮೇಸ್ತ್ರಿಗಳು ಆಯ ನೋಡುತ್ತಾರೆ: ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿದದ್ದರಲ್ಲಿ ಶುಭಾಶುಭ ಕಾಣುತ್ತಾರೆ. ಐವತ್ತನಾಲ್ಕಕ್ಕೆ ಆರು ಉಳಿಯಿತು. ಆರೆಂದರೆ ಕತ್ತೆ ಆಯ. ದೇವರ ಮನೆಗೆ ಕತ್ತೆಯೇ? ಯಾರಿಗೂ ಹೇಳದೆ ಒಂದು ಇಂಚು ತಗ್ಗಿಸಿ, ಐದು ಉಳಿಸಿ, ಬಸವನ ಆಯಕ್ಕೆ ಕಮಾನು ಕೂರಿಸಿಬಿಟ್ಟರು.

ನಕ್ಷೆಯ ಅಳತೆಗೇ ಮಾಡಿಸಿದ ಬಣ್ಣದ ಗಾಜಿನ ಮರದ ಚೌಕಟ್ಟು ರೈಲಿನಲ್ಲಿ ಬಂತು. ಕಮಾನಿನೊಳಗೆ ಹೋಗಲಿಲ್ಲ. ಪಾದ್ರಿ ಅಳತೆಪಟ್ಟಿ ಹಿಡಿದರು, ಮೇಸ್ತ್ರಿ ನೆಲ ನೋಡಿದರು.

"ಇರಲಿ, ಬಡಗಿ ಕರೆಸೋಣ. ಎರಡೂ ಕಡೆ ಅರ್ಧರ್ಧ ಇಂಚು ಹೆರೆದರಾಯ್ತು" ಎಂದರು ಪಾದ್ರಿ.

ಮೇಸ್ತ್ರಿ ಚೌಕಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಒಳಗೆ ಬಳೆಯಂಥ ಮೂರು ದುಂಡುಗಳು ಒಂದನ್ನೊಂದು ಮುಟ್ಟಿ, ಅಂಚನ್ನೂ ಮುಟ್ಟಿ ಕುಳಿತಿದ್ದವು. ಅದೇ ಗೂಟ, ಅದೇ ಹಗ್ಗದ ಲೆಕ್ಕ. ಹೆರೆದರೆ ಎರಡು ದುಂಡು ಹಾಳು.

"ಬ್ಯಾಡ್ರಿ ಸ್ವಾಮೇರೆ. ಯಾರೋ ಪುಣ್ಯಾತ್ಮ ಲೆಕ್ಕ ಹಾಕಿ ಮಾಡ್ಯಾನೆ. ತಪ್ಪು ನಂದೈತೆ. ಕಮಾನು ನಾನೇ ಕೆಡವ್ತೀನಿ."

ಕೆಡವಿದರು. ನಾಲ್ಕು ದಿನದಲ್ಲಿ ಐವತ್ತನಾಲ್ಕು ಇಂಚಿಗೇ ಮತ್ತೆ ಕಟ್ಟಿದರು. ಚೌಕಟ್ಟು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಆಗ ಆಯದ ಕಥೆಯನ್ನೆಲ್ಲ ಬಾಯಿಬಿಟ್ಟರು.

"ಇದು ಕತ್ತೆ ಆಯ, ಸ್ವಾಮೇರೆ. ಆಮೇಲೆ ಹೇಳ್ಲಿಲ್ಲ ಅನ್ಬ್ಯಾಡ್ರಿ."

ಪಾದ್ರಿಗೆ ನಗು ತಡೆಯಲಾಗಲಿಲ್ಲ. "ಮೇಸ್ತ್ರಿ, ನಮ್ಮ ಯೇಸುಸ್ವಾಮಿ ಪಟ್ಟಣಕ್ಕೆ ಮೆರವಣಿಗೆ ಬಂದದ್ದೇ ಕತ್ತೆ ಮೇಲೆ!"

ತಿಮ್ಮರಾಯಪ್ಪ ಕರಣೆ ಕೆಳಗಿಟ್ಟರು. ಕೆಡವುವಾಗ ಒಡೆದ ಕಲ್ಲುಗಳು ಗೋಡೆಯ ಬುಡದಲ್ಲಿ ಇನ್ನೂ ಬಿದ್ದಿದ್ದವು.

"ಅದನ್ನ ಮೊದ್ಲೇ ಹೇಳಬಾರ್ದೇನ್ರಿ?" ಎಂದರು.